ಗೊತ್ತಿರುವುದನ್ನೇ ಮತ್ತೆ ಓದುವ ಚಟ

ಅಕ್ಕನ ಮಗ ಮಂಗಳೂರಿನಲ್ಲಿ ಸಿಎ ಫೈನಲ್‌ಗೆ ಓದುತ್ತಿದ್ದಾನೆ. ಮೊನ್ನೆ ಹೋದಾಗ ಮೇಜಿನ ಮೇಲೆ ಪುಸ್ತಕದ ಗುಡ್ಡೆ. ತೆರೆದಿಟ್ಟದ್ದರ ತುಂಬ ಹಳದಿ ಗೆರೆ. "ಎಲ್ಲ ಓದ್ಲಿಕ್ಕೆ ಆಗುದಿಲ್ಲ ಮಾವ, ಎಬಿಸಿ ಮಾಡಿ ಇಟ್ಟಿದ್ದೇನೆ" ಎಂದ.

ಎಬಿಸಿ ಅಂದರೆ ದಾಸ್ತಾನು ನೋಡಿಕೊಳ್ಳುವ ಒಂದು ಲೆಕ್ಕ. ಕಾಸ್ಟಿಂಗ್ ಪಾಠದಲ್ಲೇ ಬರುತ್ತದೆ. ಬಂದರಿನ ಸಗಟು ಅಂಗಡಿಯೊಂದನ್ನು ನೆನೆಸಿಕೊಳ್ಳಿ. ಏಲಕ್ಕಿ, ಗೋಡಂಬಿಯ ಮೇಲೆ ದಿನಾ ಕಣ್ಣಿಡಬೇಕು. ಉಪ್ಪಿನ ಮೂಟೆ ಯಾವಾಗಲೋ ಒಮ್ಮೆ ಎಣಿಸಿದರೂ ನಡೆಯುತ್ತದೆ. ಹಾಗೇ ಜಾಸ್ತಿ ಅಂಕದ ಅಧ್ಯಾಯ ಎ, ಕಡಿಮೆಯದ್ದು ಸಿ.

ಆದರೆ ಅಂಗಡಿಯವನು ಬೆಲೆ ಮಾತ್ರ ನೋಡುವುದಿಲ್ಲ, ಗೋದಾಮಿನಲ್ಲಿ ಎಷ್ಟು ಉಳಿದಿದೆ ಅಂತಲೂ ನೋಡುತ್ತಾನೆ, ಅಲ್ವಾ? ನಮ್ಮ ಹುಡುಗ ಅದನ್ನು ನೋಡಿರಲಿಲ್ಲ. ಆಫೀಸಿನಲ್ಲಿ ದಿನಾ ಜಿಎಸ್‌ಟಿ ರಿಟರ್ನ್ ತುಂಬಿದವನು ಜಿಎಸ್‌ಟಿಯನ್ನೇ ಮೂರನೇ ಸಲ ಓದುತ್ತಿದ್ದ. ಕನ್ಸಾಲಿಡೇಶನ್, ಅಂದರೆ ಒಂದು ಕಂಪನಿ ಮತ್ತು ಅದರ ಅಂಗಸಂಸ್ಥೆಗಳ ಲೆಕ್ಕ ಒಟ್ಟುಗೂಡಿಸುವ ಪಾಠ, ಅದೂ ಎ ಪಟ್ಟಿಯಲ್ಲೇ ಇತ್ತು. ಅದರ ಪುಟಗಳು ಮಾತ್ರ ಇನ್ನೂ ಬೆಳ್ಳಗೆ.

ಇದು ಸೋಮಾರಿತನ ಅಲ್ಲ. ಓದಿದ್ದನ್ನೇ ಮತ್ತೆ ಓದುವಾಗ ಸಾಲುಗಳು ಸಲೀಸಾಗಿ ಸಾಗುತ್ತವೆ. ಆ ಸಲೀಸು ನೋಡಿ ಮಿದುಳು 'ಇದು ನನಗೆ ಬರುತ್ತದೆ' ಅಂದುಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದರ ಬಣ್ಣ ಬಯಲು ಮಾಡಿದರು. ವಿದ್ಯಾರ್ಥಿಗಳು ಎರಡು ಪಾಠ ಓದಿದರು. ಒಂದನ್ನು ಮತ್ತೊಮ್ಮೆ ಓದಿದರು. ಇನ್ನೊಂದನ್ನು ಬದಿಗಿಟ್ಟು, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದ ಪಾಠದ್ದೇ ಮೇಲುಗೈ: ಅದರಲ್ಲಿ ನೂರಕ್ಕೆ 81 ನೆನಪಿತ್ತು, ಬರೆದದ್ದರಲ್ಲಿ 75. ವಾರ ಬಿಟ್ಟು ಕೇಳಿದವರಲ್ಲಿ ಲೆಕ್ಕ ತಲೆಕೆಳಗು. ಮತ್ತೆ ಓದಿದ್ದು 42, ಬರೆದದ್ದು 56. ಪರೀಕ್ಷೆಯೇನು 5 ನಿಮಿಷದಲ್ಲಿ ಬರುವುದಿಲ್ಲವಲ್ಲ!

ಹಾಗಾಗಿ ಹಳೆ ಪ್ರಶ್ನೆಪತ್ರಿಕೆಯನ್ನು ಕೊನೆಗೆ ಅಂತ ಎತ್ತಿಡಬೇಡಿ. ಅದನ್ನೇ ಮೊದಲು ಬಿಡಿಸಿ. ತಪ್ಪಾಗಲಿ, ಪರವಾಗಿಲ್ಲ. ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಓದು ಶುರು, ಅಂಕ ಜಾಸ್ತಿ ಇರುವ ಕಡೆ ಮೊದಲು. ಸಿ ಪಟ್ಟಿಯದ್ದು ಒಂದೆರಡು ಹೋದರೆ ಹೋಗಲಿ. ಇಡೀ ಪೇಪರ್ ಬಿಡುವಂತಿಲ್ಲ: ಸಿಎಯಲ್ಲಿ ಪ್ರತಿ ಪೇಪರಿಗೂ 40 ಬೇಕು, ಗ್ರೂಪಿನ, ಅಂದರೆ ಒಂದು ಗುಂಪಿನ ಪೇಪರುಗಳೆಲ್ಲ ಸೇರಿ, ಒಟ್ಟು ನೂರಕ್ಕೆ 50.

ಕನ್ಸಾಲಿಡೇಶನ್‌ನ ಹಳೆ ಪ್ರಶ್ನೆಯೊಂದನ್ನು ಅವನ ಮುಂದಿಟ್ಟೆ. "ಇನ್ನೂ ಓದಿಲ್ಲ ಮಾವ" ಎಂದ. ಸುಮ್ನೆ ಮಾಡು ಮಾರಾಯ ಅಂದೆ. ಅದರಲ್ಲಿ ಬರುವ ಗುಡ್‌ವಿಲ್ ಲೆಕ್ಕದ ಹತ್ತಿರ ಪೆನ್ನು ನಿಂತಿತು. ಹೈಲೈಟರಿಗೆ ಮುಚ್ಚಳ ಹಾಕಿ, ಆ ಬೆಳ್ಳಗಿನ ಪುಟ ತೆರೆದ.