ಹೆಸರು ಬದಲಾಯಿಸಿದರೆ ಫ್ಯಾನ್ ಫಿಕ್ಷನ್ ಪುಸ್ತಕವಾಗುತ್ತದೆಯೇ?

ಪ್ರಶ್ನೆ: ಕೆಲವು ವರ್ಷಗಳಿಂದ ಹ್ಯಾರಿ ಪಾಟರ್ ಪಾತ್ರಗಳನ್ನು ಇಟ್ಟುಕೊಂಡು ಕನ್ನಡದಲ್ಲಿ ಕಂತು ಕಂತಾಗಿ ಕಥೆ ಬರೆಯುತ್ತಿದ್ದೇನೆ. ಓದುವವರಿದ್ದಾರೆ, ಮುಂದಿನ ಕಂತು ಯಾವಾಗ ಅಂತ ಕೇಳುವವರೂ ಇದ್ದಾರೆ. ಇದನ್ನೇ ಪುಸ್ತಕ ಮಾಡಿ ಎನ್ನುತ್ತಾರೆ. ಪಾತ್ರಗಳ ಹೆಸರು, ಶಾಲೆಯ ಹೆಸರು ಬದಲಾಯಿಸಿದರೆ ಸಾಕೇ?

ಉತ್ತರ: ಸಾಲದು. ಕಾನೂನಿನ ದೃಷ್ಟಿಯಿಂದ ಸಾಲದು, ಕಥೆಯ ದೃಷ್ಟಿಯಿಂದ ಇನ್ನೂ ಸಾಲದು. ಈ ಪ್ರಶ್ನೆ ಕೇಳುವವರೆಲ್ಲ ಮೊದಲನೆಯದಕ್ಕೆ ಹೆದರುತ್ತಾರೆ. ಎರಡನೆಯದು ಅವರ ಮನಸ್ಸಿಗೇ ಬಂದಿರುವುದಿಲ್ಲ.

ಕಾನೂನನ್ನು ಮೊದಲು ಮುಗಿಸೋಣ. ಮೆಚ್ಚಿನ ಕೃತಿಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ದುಡ್ಡಿನ ಆಸೆ ಇಲ್ಲದೆ ಬರೆದುಕೊಳ್ಳುವ ಕಥೆಗಳ, ಅಂದರೆ ಫ್ಯಾನ್ ಫಿಕ್ಷನ್‌ನ, ಬಗ್ಗೆ ತಕರಾರಿಲ್ಲ ಎಂದು ಪಾಟರ್ ಲೇಖಕಿ ರೌಲಿಂಗ್ ಅವರ ಏಜೆಂಟರು 2004ರಲ್ಲೇ ಹೇಳಿದ್ದರು. ಮಾರಾಟದ ಮಾತು ಬಂದಾಗ ಮಾತ್ರ ಧ್ವನಿ ಬದಲಾಗುತ್ತದೆ. ಹ್ಯಾರಿ ಕಲ್ಕತ್ತೆಗೆ ಬಂದು ಬಂಗಾಳಿ ಸಾಹಿತ್ಯದ ಪಾತ್ರಗಳನ್ನು ಭೇಟಿಯಾಗುವ ಒಂದು ಪುಸ್ತಕವನ್ನು ಉತ್ತಮ್ ಘೋಷ್ ಬರೆದಿದ್ದರು. ರೌಲಿಂಗ್ ಕಡೆಯವರ ಒತ್ತಡಕ್ಕೆ 2003ರಲ್ಲಿ ಪ್ರಕಾಶಕರು ಅದನ್ನು ನಿಲ್ಲಿಸಬೇಕಾಯಿತು. ಅದೇ ಕೋಲ್ಕತ್ತದಲ್ಲಿ 2007ರ ದುರ್ಗಾಪೂಜೆಗೆ ಹ್ಯಾರಿಯ ಶಾಲೆ ಹಾಗ್ವರ್ಟ್ಸ್ ಕೋಟೆಯ ಆಕಾರದ ಪೆಂಡಾಲ್ ಹಾಕಿದಾಗಲೂ ರೌಲಿಂಗ್ ಕಡೆಯವರು ಕೋರ್ಟಿಗೆ ಹೋದರು, ಆದರೆ ದೆಹಲಿ ಹೈಕೋರ್ಟ್ ಹಬ್ಬ ಮುಗಿಯುವ ತನಕ ಇರಲಿ ಎಂದು ಬಿಟ್ಟಿತು. ಪೂಜೆ ಸಮಿತಿಯವರು ಟಿಕೆಟ್ ಮಾರುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಇವೆರಡರಲ್ಲೂ ಹೆಸರು ಬದಲಾಗಿರಲಿಲ್ಲ, ನಿಜ. ಹೆಸರು ಬದಲಾದ ಪ್ರಕರಣ ರಷ್ಯಾದ್ದು. ದ್ಮಿತ್ರಿ ಯೆಮೆತ್ಸ್ ಎಂಬ ಲೇಖಕರು 2002ರಲ್ಲಿ ತಾನ್ಯಾ ಗ್ರೋಟರ್ ಎಂಬ ಹುಡುಗಿಯ ಸರಣಿ ಶುರುಮಾಡಿದರು. ಹುಡುಗನ ಬದಲು ಹುಡುಗಿ. ಹಣೆಯ ಗಾಯದ ಗುರುತಿನ ಬದಲು ಮೂಗಿನ ಮೇಲೆ ಮಚ್ಚೆ. ಪೊರಕೆಯ ಬದಲು ಹಾರುವ ಡಬಲ್ ಬಾಸ್ ವಾದ್ಯ. ಆದರೆ ಅನಾಥೆ, ಮಾಟದ ಶಾಲೆ, ಅಪ್ಪ ಅಮ್ಮನನ್ನು ಕೊಂದ ಮಾಂತ್ರಿಕ ವೈರಿ, ಎಲ್ಲವೂ ಹಾಗೇ ಇದ್ದವು. ಇದು ಅಣಕ ಎಂದು ಅವರು ವಾದಿಸಿದರು. ಡಚ್ ಅನುವಾದ ಹೊರಡುವ ಹೊತ್ತಿಗೆ, 2003ರಲ್ಲಿ, ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯ ತಡೆ ಹಾಕಿತು. ರಷ್ಯಾದಲ್ಲಿ ಸರಣಿ ಮುಂದುವರಿಯಿತು.

ನಮ್ಮಲ್ಲಿ ಅಳತೆಗೋಲು 1978ರ ಆರ್.ಜಿ. ಆನಂದ್ ಪ್ರಕರಣದ್ದು. ಒಂದು ನಾಟಕವನ್ನು ಕದ್ದು ಸಿನಿಮಾ ಮಾಡಿದ್ದಾರೆ ಎಂಬ ದೂರು ಅದು. ಕಲ್ಪನೆಗೆ, ವಸ್ತುವಿಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕು ಎಂದಿತು ಸುಪ್ರೀಂ ಕೋರ್ಟ್. ಎರಡನ್ನೂ ನೋಡಿದ ಸಾಮಾನ್ಯ ಮನುಷ್ಯನಿಗೆ ಇದು ಅದರದೇ ನಕಲು ಎಂದು ಸ್ಪಷ್ಟವಾಗಿ ಅನಿಸುತ್ತದೆಯೇ ಎಂಬುದೇ ಪರೀಕ್ಷೆ. ಹಾಗಾಗಿ ಮಾಟ ಕಲಿಸುವ ಶಾಲೆಯ ಕಥೆ ಬರೆಯಲು ಯಾರ ಅಪ್ಪಣೆಯೂ ಬೇಡ. ನಾಲ್ಕು ಬಣ್ಣದ ನಾಲ್ಕು ತಂಡ, ಗೂಬೆಯಲ್ಲಿ ಬರುವ ಕಾಗದ, ಕೆಂಗೂದಲ ಗೆಳೆಯ ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಹೆಸರು ಮಾತ್ರ ಬದಲಿಸಿದರೆ ಆ ಸಾಮಾನ್ಯ ಮನುಷ್ಯ ಒಂದೇ ಪುಟದಲ್ಲಿ ಹಿಡಿದುಬಿಡುತ್ತಾನೆ.

ಇಲ್ಲಿ ಯಾರಾದರೂ ಪಂಪನನ್ನು ಎಳೆದು ತರುತ್ತಾರೆ. ಪಂಪ, ರನ್ನ, ಕುಮಾರವ್ಯಾಸ ಎಲ್ಲರೂ ಬರೆದದ್ದು ಫ್ಯಾನ್ ಫಿಕ್ಷನ್ನೇ ಅಲ್ಲವೇ ಅಂತ. ಕೇಳಲು ಚೆನ್ನಾಗಿದೆ, ಕೋರ್ಟಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಅವರ ಉದಾಹರಣೆಯಿಂದ ಬೇರೊಂದು ವಿಷಯ ತಿಳಿಯುತ್ತದೆ. ಕರ್ಣ ಯಾರೆಂದು ಅವರು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕೇಳುವವರು ಕರ್ಣನ ಮೇಲಿನ ಮರುಕವನ್ನು ಮನೆಯಿಂದಲೇ ತಂದಿರುತ್ತಿದ್ದರು. ಫ್ಯಾನ್ ಫಿಕ್ಷನ್ ಓದುಗರೂ ಹಾಗೇ, ಪ್ರೀತಿಯನ್ನು ಮೊದಲೇ ತಂದಿರುತ್ತಾರೆ. ಅಂಗಡಿಯಲ್ಲಿ ನಿಮ್ಮ ಪುಸ್ತಕ ತಿರುವಿಹಾಕುವವರ ಕೈಯಲ್ಲಿ ಆ ಪ್ರೀತಿ ಇರುವುದಿಲ್ಲ.

ಬಿಡಿಸಿ ಹೇಳುತ್ತೇನೆ. ಹಕ್ಕಿನ ತಂಟೆ ಬೇಡವೆಂದು ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ತೆಗೆದುಕೊಳ್ಳೋಣ. ಒಂದು ಫ್ಯಾನ್ ಫಿಕ್ಷನ್‌ನಲ್ಲಿ ಈ ಸಾಲು ಬಂದಿದೆ ಎಂದುಕೊಳ್ಳಿ:

"ಹೋಮ್ಸ್ ಮೂರು ದಿನದಿಂದ ಪಿಟೀಲು ಮುಟ್ಟಿರಲಿಲ್ಲ. ವ್ಯಾಟ್ಸನ್ ಏನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಚರ್ಮದ ಪುಟ್ಟ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಪೇಪರ್ ಮಡಿಚಿಟ್ಟ."

ಒಳ್ಳೆಯ ಸಾಲು. ಹೋಮ್ಸ್ ಕಥೆ ಓದಿದವರಿಗೆ ಆ ಪೆಟ್ಟಿಗೆಯಲ್ಲಿ ಕೊಕೇನ್ ಚುಚ್ಚಿಕೊಳ್ಳುವ ಸಿರಿಂಜ್ ಇದೆ ಅಂತ ಗೊತ್ತು. ಕೇಸಿಲ್ಲದ ದಿನಗಳಲ್ಲಿ ಅವನು ಏನಾಗುತ್ತಾನೆ ಅಂತಲೂ ಗೊತ್ತು. ಈಗ ಹೆಸರು ಬದಲಿಸಿ:

"ರಾಘವ ಮೂರು ದಿನದಿಂದ ಪಿಟೀಲು ಮುಟ್ಟಿರಲಿಲ್ಲ. ಶ್ರೀಧರ ಏನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಚರ್ಮದ ಪುಟ್ಟ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಪೇಪರ್ ಮಡಿಚಿಟ್ಟ."

ಪದಗಳು ಅವೇ, ಸತ್ವ ಹೋಯಿತು. ಯಾರೀ ರಾಘವ? ಸಂಗೀತದ ಪರೀಕ್ಷೆಗೆ ಕೂತವನಾ? ಮುಟ್ಟದಿದ್ದರೆ ಏನಾಯಿತು? ಇದನ್ನು ಸರಿಮಾಡಬೇಕಾದರೆ ಈ ಸಾಲನ್ನು ತಿದ್ದಿ ಪ್ರಯೋಜನವಿಲ್ಲ, ಮೂವತ್ತು ಪುಟ ಹಿಂದಕ್ಕೆ ಹೋಗಬೇಕು. ಮೊದಲ ಅಧ್ಯಾಯದಲ್ಲೇ ರಾಘವ ನಡುರಾತ್ರಿ ಪಿಟೀಲು ಹಿಡಿಯಬೇಕು, ಕೆಳಗಿನ ಮನೆಯ ಅಜ್ಜಿ ಪೊರಕೆ ಹಿಡಿಯಿಂದ ತನ್ನ ಮನೆಯ ತಾರಸಿಗೆ ಕೆಳಗಿನಿಂದ ಕುಟ್ಟಬೇಕು, ಅವನು ಬೇಕೆಂದೇ ಇನ್ನೊಂದು ಸುತ್ತು ನುಡಿಸಬೇಕು. ಅಷ್ಟು ಮಾಡಿಟ್ಟರೆ ಮೂವತ್ತನೇ ಪುಟದಲ್ಲಿ ಪಿಟೀಲಿನ ಮಾತೇ ಎತ್ತಬೇಕಾಗಿಲ್ಲ. ಅಜ್ಜಿ ಮೆಟ್ಟಿಲ ಹತ್ತಿರ ಶ್ರೀಧರನನ್ನು ತಡೆದು "ಏನಪ್ಪಾ, ನಿಮ್ಮ ರಾಘವ ಊರಲ್ಲಿಲ್ವಾ? ಮೂರು ದಿನದಿಂದ ಸದ್ದೇ ಇಲ್ಲ" ಅಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ನಿಮ್ಮ ಕಥೆಯಲ್ಲಿ ಹೀಗೆ ಮೂಲ ಕೃತಿಯ ಮೇಲೆ ಭಾರ ಹಾಕಿ ನಿಂತ ಸಾಲುಗಳು ಎಷ್ಟಿವೆ ಎಂದು ಕೆಂಪು ಪೆನ್ನು ಹಿಡಿದು ಗುರುತು ಹಾಕುತ್ತಾ ಬನ್ನಿ. ಪುಟಕ್ಕೆ ಒಂದೋ ಎರಡೋ ಇದ್ದರೆ ತಿದ್ದಬಹುದು. ಪುಟವೆಲ್ಲ ಕೆಂಪಾದರೆ ಆ ಕಥೆಯನ್ನು ಇರುವಲ್ಲೇ ಬಿಟ್ಟುಬಿಡಿ.

ಹಾಗಾದರೆ ಫ್ಯಾನ್ ಫಿಕ್ಷನ್‌ನಿಂದ ಹುಟ್ಟಿ ಲಕ್ಷಗಟ್ಟಲೆ ಮಾರಾಟವಾದ ಪುಸ್ತಕಗಳು? ಅವನ್ನು ಗಮನವಿಟ್ಟು ನೋಡಿದರೆ ಗುಟ್ಟು ಸಿಗುತ್ತದೆ. ಇ.ಎಲ್. ಜೇಮ್ಸ್ ಅವರ 'ಫಿಫ್ಟಿ ಶೇಡ್ಸ್' ಮೊದಲು 'ಟ್ವೈಲೈಟ್' ಪಾತ್ರಗಳ ಫ್ಯಾನ್ ಫಿಕ್ಷನ್ ಆಗಿತ್ತು. 2011ರಲ್ಲಿ ಆಸ್ಟ್ರೇಲಿಯದ ಒಂದು ಸಣ್ಣ ಪ್ರಕಾಶನ ತಂದಿತು, ಮರುವರ್ಷ ದೊಡ್ಡ ಪ್ರಕಾಶಕರು ಕೊಂಡರು. ಮೂಲದಲ್ಲಿ ನಾಯಕ ರಕ್ತಪಿಶಾಚಿ, ಅವರ ಕಥೆಯಲ್ಲಿ ಸಿಯಾಟಲ್‌ನ ಶ್ರೀಮಂತ ಉದ್ಯಮಿ. ಅಂದರೆ ಹೆಸರು ತೆಗೆಯುವ ಮೊದಲೇ ಟ್ವೈಲೈಟ್ ಲೋಕ ಬಹುಪಾಲು ಆಚೆ ಹೋಗಿತ್ತು. ಅಲಿ ಹೇಜಲ್‌ವುಡ್ ಅವರ 2021ರ 'ದಿ ಲವ್ ಹೈಪಾಥಿಸಿಸ್' ಹುಟ್ಟಿದ್ದು ಸ್ಟಾರ್ ವಾರ್ಸ್‌ನ ರೇ ಮತ್ತು ಕೈಲೋ ರೆನ್ ಜೋಡಿಯಿಂದ. ಆದರೆ ನಡೆಯುವುದು ಸ್ಟ್ಯಾನ್‌ಫರ್ಡ್‌ನ ಜೀವವಿಜ್ಞಾನ ವಿಭಾಗದಲ್ಲಿ. ಅಂತರಿಕ್ಷ ನೌಕೆಯೂ ಇಲ್ಲ, ಬೆಳಕಿನ ಕತ್ತಿಯೂ ಇಲ್ಲ. ನಾಯಕನ ಹೆಸರು ಮಾತ್ರ ಆ್ಯಡಮ್. ಕೈಲೋ ರೆನ್ ಪಾತ್ರ ಮಾಡಿದ ನಟ ಆ್ಯಡಮ್ ಡ್ರೈವರ್. ಗೊತ್ತಿದ್ದವರು ನಗಲಿ ಎಂದು ಬಿಟ್ಟಂತಿದೆ!

ಪಾತ್ರಗಳು ಅವೇ, ಲೋಕ ಬೇರೆ, ಇಂಥದ್ದನ್ನು ಫ್ಯಾನ್ ಫಿಕ್ಷನ್ ಬರೆಯುವವರು ಎಯು (ಆಲ್ಟರ್ನೇಟ್ ಯೂನಿವರ್ಸ್) ಅನ್ನುತ್ತಾರೆ. ಪುಸ್ತಕವಾಗಿ ದಾಟಿ ಬಂದವುಗಳಲ್ಲಿ ಹೆಚ್ಚಿನವು ಎಯುಗಳೇ. ಮೂಲ ಲೋಕದೊಳಗೇ ನಡೆಯುವ ಕಥೆ ದಾಟಿದ ಉದಾಹರಣೆಯೂ ಇದೆ. ಸೆನ್‌ಲಿನ್‌ಯು ಎಂಬ ಹೆಸರಿನಲ್ಲಿ ಬರೆಯುವವರ 'ಮ್ಯಾನಕಲ್ಡ್' ಎಂಬ ಹ್ಯಾರಿ ಪಾಟರ್ ಕಥೆ ದೊಡ್ಡ ಹೆಸರು ಮಾಡಿತ್ತು. ಅದು 2025ರಲ್ಲಿ 'ಆಲ್ಕೆಮೈಸ್ಡ್' ಆಗಿ ಬಂತು. ಅದಕ್ಕಾಗಿ ಮಾಟದ ಬದಲು ರಸವಿದ್ಯೆಯ ಹೊಸದೊಂದು ಲೋಕ ಕಟ್ಟಬೇಕಾಯಿತು. ನೀವು ಹೇಳುವ ಕಥೆ ಎರಡನೆಯ ಜಾತಿಯದು. ಹೆಸರು ಬದಲಿಸಲು ಒಂದು ಸಂಜೆ ಸಾಕು, ಆ ಕೆಲಸ ಸಂಜೆಯಲ್ಲಿ ಮುಗಿಯುವಂಥದ್ದಲ್ಲ.

ನನ್ನನ್ನು ಕೇಳಿದರೆ ನಿಮಗೆ ಹತ್ತಿರದ ದಾರಿ ನವೋಮಿ ನೋವಿಕ್ ಅವರದು. ಅವರು ಆರ್ಕೈವ್ ಆಫ್ ಅವರ್ ಓನ್ ಎಂಬ ಫ್ಯಾನ್ ಫಿಕ್ಷನ್ ಭಂಡಾರವನ್ನು ಕಟ್ಟಿದವರಲ್ಲಿ ಒಬ್ಬರು. ಆ ಭಂಡಾರಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ನೆಪೋಲಿಯನ್ ಕಾಲದ ನೌಕಾ ಕಾದಂಬರಿಗಳ ಅಭಿಮಾನಿಯಾಗಿದ್ದ ಅವರು 2006ರಲ್ಲಿ ಮೊದಲ ಕಾದಂಬರಿ ತಂದಾಗ ಹಳೆಯ ಕಥೆಯ ಹೆಸರು ಬದಲಿಸಲಿಲ್ಲ. ಅದೇ ಕಾಲ, ಅದೇ ಯುದ್ಧ, ಜೊತೆಗೆ ಡ್ರ್ಯಾಗನ್‌ಗಳ ವಾಯುಸೇನೆ ಎಂದು ಹೊಸದಾಗಿ ಶುರುಮಾಡಿದರು. ಅಲ್ಲಿ ಕಲಿತದ್ದನ್ನು ತಂದರು, ಬರೆದದ್ದನ್ನು ಅಲ್ಲೇ ಬಿಟ್ಟರು. ನಿಮ್ಮ ಕೈಯಲ್ಲೂ ಕಲಿತದ್ದು ಕಡಿಮೆ ಇಲ್ಲ. ವಾರಕ್ಕೊಂದು ಕಂತು ತಪ್ಪದೆ ಕೊಡುವುದು, ಕಂತಿನ ಕೊನೆಯಲ್ಲಿ ಓದುಗರನ್ನು ತುದಿಗಾಲಲ್ಲಿ ನಿಲ್ಲಿಸುವುದು, ಇಬ್ಬರ ಜಗಳವನ್ನು ಬರೀ ಮಾತಿನಲ್ಲೇ ಕಟ್ಟುವುದು ಸಣ್ಣ ಕೆಲಸವಲ್ಲ. ಸುಧಾ, ತರಂಗದ ಧಾರಾವಾಹಿ ಕಾದಂಬರಿಕಾರರು ಬದುಕಿದ್ದೇ ಈ ಕಸುಬಿನಲ್ಲಿ. ಫ್ಯಾನ್ ಫಿಕ್ಷನ್ ಕಲಿಸದೆ ಬಿಡುವುದು ಮೊದಲ ಅಧ್ಯಾಯವನ್ನು. ಅಪರಿಚಿತನೊಬ್ಬನನ್ನು ತಂದು ನಿಲ್ಲಿಸಿ ಓದುಗರಿಗೆ ಅವನ ಚಿಂತೆ ಹತ್ತಿಸುವ ಕೆಲಸವನ್ನು ಅಲ್ಲಿ ಯಾರೂ ನಿಮ್ಮಿಂದ ಕೇಳಿಲ್ಲ. ಹಾಗಾಗಿ ಹೊಸ ಕಥೆಯ ಮೊದಲ ಹತ್ತು ಪುಟವನ್ನು ನಿಮ್ಮ ಹಳೆಯ ಓದುಗರಿಗೆ ತೋರಿಸಬೇಡಿ, ಅವರು ನಿಮ್ಮ ಕಡೆಯವರು. ಪಾಟರ್ ಹೆಸರೇ ಕೇಳದ ಸೋದರತ್ತೆಗೋ ಆಫೀಸಿನ ಸಹೋದ್ಯೋಗಿಗೋ ಕೊಡಿ. ಎಲ್ಲಿ ಓದುವುದನ್ನು ಬಿಟ್ಟರು ಅಂತ ಮಾತ್ರ ಕೇಳಿ.

ಬೇರೆಯವರ ಪಾತ್ರವೇ ಬೇಕು ಎನ್ನುವ ಹಟವಿದ್ದರೆ ಹಕ್ಕು ಮುಗಿದ ಕೃತಿಗಳಿವೆ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಕಳೆದ ಮೇಲೆ 60 ವರ್ಷದ ತನಕ ಹಕ್ಕು ಇರುತ್ತದೆ. ತ್ರಿವೇಣಿ ಅವರು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಅವರ ಒಬ್ಬ ಗೌಣ ಪಾತ್ರದ ಕಡೆಯಿಂದ ಇಡೀ ಕಥೆಯನ್ನು ಮತ್ತೆ ಹೇಳಿದರೆ ಹೇಗಿರುತ್ತದೆ ಎಂಬ ಆಸೆ ನನಗೂ ಇದೆ. ಆದರೆ ಎಚ್ಚರ, ಆ ಕಾದಂಬರಿಗಳಿಂದ ಬಂದ ಸಿನಿಮಾಗಳ ಲೆಕ್ಕ ಬೇರೆ, ಅದು ಬಿಡುಗಡೆಯ ವರ್ಷದಿಂದ ಶುರು. ಕಾದಂಬರಿಯಲ್ಲಿಲ್ಲದೆ ಸಿನಿಮಾದಲ್ಲಿ ಮಾತ್ರ ಇರುವ ದೃಶ್ಯ, ಸಂಭಾಷಣೆ ಮುಟ್ಟಬೇಡಿ. ಮೂಲ ಲೇಖಕರ ಮಾನಕ್ಕೆ ಕುಂದು ಬರುವಂತೆ ತಿರುಚಿದರೆ ಕೃತಿಸ್ವಾಮ್ಯ ಕಾಯ್ದೆಯ ಕಲಂ 57 ಕೂಡ ಇದೆ.

ಸಿನಿಮಾ ನಟರನ್ನೇ ನಾಯಕರಾಗಿಸಿ ಬರೆಯುವವರಿಗೆ ಒಂದೇ ಮಾತು: ಪುಸ್ತಕದಲ್ಲಿ ಬೇಡ. ಅನಿಲ್ ಕಪೂರ್ ಅವರ ಹೆಸರು, ದನಿ, ಚಹರೆಯನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ದೆಹಲಿ ಹೈಕೋರ್ಟ್ 2023ರಲ್ಲಿ ತಡೆ ಕೊಟ್ಟಿದೆ. ಗಾಯಕ ಹ್ಯಾರಿ ಸ್ಟೈಲ್ಸ್ ಮೇಲೆ ವಾಟ್‌ಪ್ಯಾಡ್ ಎಂಬ ಕಥೆಗಳ ಜಾಲತಾಣದಲ್ಲಿ ಬರೆದ ಆ್ಯನಾ ಟಾಡ್ ಕೂಡ ಪುಸ್ತಕ ಮಾಡುವಾಗ ಹ್ಯಾರಿಯನ್ನು ಹಾರ್ಡಿನ್ ಮಾಡಿದರು.

ಇನ್ನು ಪ್ರಕಾಶಕರ ಹತ್ತಿರ ಹೋಗುವ ವಿಚಾರ. ಕಥೆಯ ಹಳೆಯ ರೂಪ ಎಲ್ಲಾದರೂ ಪ್ರಕಟವಾಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಪುಸ್ತಕ ಬಂದ ಮೇಲೆ ಯಾರೋ ಎರಡು ಪುಟ ಅಕ್ಕಪಕ್ಕ ಇಟ್ಟು ಹಂಚಿದರೆ ಅವರ ಮುಖ ನೋಡುವುದು ಕಷ್ಟ. ಪ್ರತಿಲಿಪಿಯಂಥ ಕಡೆ ಕಂತುಗಳನ್ನು ಹಾಕಿದ್ದರೆ ಅಲ್ಲಿಯ ನಿಯಮಗಳನ್ನು ಮತ್ತೊಮ್ಮೆ ಓದಿ, ಹಣ ಬರುವ ಯಾವುದಾದರೂ ಯೋಜನೆಗೆ ಒಪ್ಪಿದ್ದರೆ ಇನ್ನೂ ನಿಧಾನವಾಗಿ ಓದಿ. ಆರ್ಕೈವ್ ಆಫ್ ಅವರ್ ಓನ್‌ನಲ್ಲಂತೂ ನಿಮ್ಮ ಪುಸ್ತಕದ ಜಾಹೀರಾತಿಗೂ ಅವಕಾಶವಿಲ್ಲ.

ದುಡ್ಡಿನ ಲೆಕ್ಕವನ್ನೂ ತಿಳಿದಿರಿ. ರಾಯಲ್ಟಿ ಎಂದರೆ ಸಾಮಾನ್ಯವಾಗಿ ಮುಖಬೆಲೆಯ ಶೇ. 10. ಇನ್ನೂರು ರೂಪಾಯಿಯ ಪುಸ್ತಕ 1,000 ಪ್ರತಿ ಖರ್ಚಾದರೆ 20,000 ರೂಪಾಯಿ. ಹೊಸಬರ ಪುಸ್ತಕ ಅಷ್ಟು ಖರ್ಚಾದರೆ ಪ್ರಕಾಶಕರೇ ಫೋನ್ ಮಾಡಿ ಮುಂದಿನದು ಏನು ಅಂತ ಕೇಳುತ್ತಾರೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಅರ್ಜಿ ಕರೆದಾಗ ಹಾಕಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ, ಅದಕ್ಕೆಂದು ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಎದ್ದು ಬನ್ನಿ.

ಒಪ್ಪಂದ ಬಾಯಿಮಾತಿನಲ್ಲಿ ಮುಗಿಸಬೇಡಿ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು ಎನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆಯ ಕಲಂ 19. ಎಷ್ಟು ಕಾಲ ಎಂದು ಬರೆದಿಲ್ಲದಿದ್ದರೆ 5 ವರ್ಷ, ಎಲ್ಲಿಗೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ ಎಂದು ಅದೇ ಕಲಂ ಹೇಳುತ್ತದೆ. ಇ-ಪುಸ್ತಕ, ಆಡಿಯೊ, ಸಿನಿಮಾ, ಅನುವಾದ ಪ್ರತಿಯೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ, ಕೊಡದಿರುವುದನ್ನು ಕೊಟ್ಟಿಲ್ಲ ಎಂದೂ ಬರೆಸಿ. ಕಾವ್ಯನಾಮದಲ್ಲೇ ಪುಸ್ತಕ ಬರಲಿ ಎಂಬ ಆಸೆಯಿದ್ದರೆ ಮುಖಪುಟದಲ್ಲಿ ಅದಿರಲಿ, ಒಪ್ಪಂದದ ಕೆಳಗೆ ಮಾತ್ರ ಪ್ಯಾನ್ ಕಾರ್ಡಿನಲ್ಲಿರುವ ಹೆಸರು.