ಚಿಮ್ಮು ನಾಲಿಗೆ

ಉದ್ದ ನಾಲಿಗೆ ಬೇರೆ, ಚಿಮ್ಮು ನಾಲಿಗೆ ಬೇರೆ. ಚಿಪ್ಪುಹಂದಿಯದ್ದು ಉದ್ದ ನಾಲಿಗೆ. ಇರುವೆ ಗೂಡಿಗೆ ತೂರಿಸುತ್ತದೆ, ಅಂಟಿದ್ದನ್ನು ಒಳಗೆಳೆದುಕೊಳ್ಳುತ್ತದೆ. ಊಸರವಳ್ಳಿ ಹಾಗಲ್ಲ, ನಾಲಿಗೆಯನ್ನು ಎಸೆಯುತ್ತದೆ. ಕೈ ಬಿಟ್ಟ ಕಲ್ಲನ್ನು ಆಮೇಲೆ ತಳ್ಳೋಕಾಗಲ್ಲ ಅಲ್ವಾ? ಇದೂ ಹಾಗೇ. ಒಮ್ಮೆ ಹೊರಟ ಮೇಲೆ ಅದೇ ವೇಗದಲ್ಲಿ ಹೋಗಿ ಹುಳಕ್ಕೆ ಬಡಿಯುತ್ತದೆ. ವಿಜ್ಞಾನಿಗಳು ಇದನ್ನು ‘ಬ್ಯಾಲಿಸ್ಟಿಕ್’ ನಾಲಿಗೆ ಎನ್ನುತ್ತಾರೆ. ಹೌದು, ಕ್ಷಿಪಣಿಗೆ ಅಂಟಿಕೊಂಡಿರುವ ಅದೇ ಪದ.

ನಾಲಿಗೆಯೊಳಗೆ ಒಂದು ಗಟ್ಟಿ ಕಡ್ಡಿ ಇದೆ. ಅದರ ಸುತ್ತ ಕೊಳವೆಯಂಥ ಸ್ನಾಯು. ನಡುವೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನ ಪೊರೆಗಳು, ಒಂದರೊಳಗೊಂದು. ಹುಳ ಕಂಡಾಗ ಊಸರವಳ್ಳಿ ಸುಮ್ನೆ ಬಾಯಿ ಕಳೆದು ನಿಂತಂತೆ ಕಾಣುತ್ತದೆ. ಒಳಗೆ ಮಾತ್ರ ಸ್ನಾಯು ಹಿಂಡುತ್ತಿರುತ್ತದೆ, ಪೊರೆಗಳು ಬಿಲ್ಲಿನ ಹೆದೆಯಂತೆ ಬಿಗಿಯುತ್ತಿರುತ್ತವೆ. ಕೊಳವೆ ಕಡ್ಡಿಯ ತುದಿ ದಾಟಿದ್ದೇ ತಡ, ಒದ್ದೆ ಬೀಜವನ್ನು ಎರಡು ಬೆರಳಲ್ಲಿ ಒತ್ತಿದಾಗ ಜಾರಿ ಹಾರುತ್ತದಲ್ಲ, ಹಾಗೆ ನಾಲಿಗೆ ಹಾರುತ್ತದೆ. ತುದಿಯ ಜೊಲ್ಲು ನಮ್ಮ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದ. ಸಿಕ್ಕ ಹುಳ ತಪ್ಪಿಸಿಕೊಳ್ಳುವುದು ಕಷ್ಟ.

ನನಗೆ ಇಲ್ಲಿ ಹಿಡಿಸುವುದು ಆ ಮುಂಗಡ ಉಳಿತಾಯ. ಸ್ನಾಯು ನಿಧಾನವಾಗಿ ಕೂಡಿಟ್ಟ ಶಕ್ತಿ ಒಂದೇ ಕ್ಷಣದಲ್ಲಿ ಖರ್ಚಾಗುತ್ತದೆ. ಹಾಗಾಗಿ ಚಳಿಯಲ್ಲಿ ಮೈಯೆಲ್ಲ ಮರಗಟ್ಟಿದರೂ ನಾಲಿಗೆ ಹೆಚ್ಚುಕಡಿಮೆ ಅದೇ ಜೋರಿನಲ್ಲಿ ಚಿಮ್ಮುತ್ತದೆ. ವಾಪಸ್ ಎಳೆದುಕೊಳ್ಳುವಾಗ ಮಾತ್ರ ತಡವರಿಸುತ್ತದೆ, ಆ ಕೆಲಸಕ್ಕೆ ಬರೀ ಸ್ನಾಯುವೇ ಗತಿ. ಚಿಕ್ಕ ಜಾತಿಗಳದ್ದು ಇನ್ನೂ ಜಾಸ್ತಿ ಆರ್ಭಟ. 2016ರಲ್ಲಿ ಪ್ರಕಟವಾದ ಅಳತೆಯಲ್ಲಿ ಬೆರಳುದ್ದದ ಒಂದು ಊಸರವಳ್ಳಿಯ ನಾಲಿಗೆ ಗುರುತ್ವದ 264 ಪಟ್ಟು ವೇಗೋತ್ಕರ್ಷ ತೋರಿಸಿತ್ತು.

ಇಂಥ ನಾಲಿಗೆ ಎಲ್ಲಿಂದ ಬಂತು? ಓತಿಕ್ಯಾತವನ್ನು ನೋಡಿ. ಅದೂ ಅಂಟು ನಾಲಿಗೆ ಚಾಚಿಯೇ ಹುಳ ಹಿಡಿಯುತ್ತದೆ, ಆದರೆ ಹತ್ತಿರ ಹೋಗಿ. ಅಂಥದ್ದೇ ನಾಲಿಗೆ ತಲೆಮಾರುಗಳಲ್ಲಿ ತುಸು ತುಸುವೇ ದೂರ ಕಲಿತಿದೆ. ಕಪ್ಪೆಯ ದಾರಿಯೇ ಬೇರೆ. ಅದರ ನಾಲಿಗೆಯ ಬುಡ ಬಾಯಿಯ ಮುಂಭಾಗದಲ್ಲಿದೆ, ಹಾಗಾಗಿ ಮಗುಚಿ ಬೀಳುತ್ತದೆ. ಹಲ್ಲಿಯಂತೆ ಕಾಣುವ ಉಭಯವಾಸಿಗಳಾದ ಸಲಮಾಂಡರ್‌ಗಳಲ್ಲಿ ಕೆಲವಂತೂ ನಾಲಿಗೆಯ ಜೊತೆ ಅದರ ಕಡ್ಡಿಯನ್ನೂ ಹೊರಗೆಸೆಯುತ್ತವೆ!

ಸಂಬಂಧವಿಲ್ಲದ ಪ್ರಾಣಿಗಳು ಒಂದೇ ಉಪಾಯಕ್ಕೆ ಬಂದಾಗ ಬಲ್ಲವರೂ ಎಡವುತ್ತಾರೆ. ಮ್ಯಾನ್ಮಾರಿನ ಅಂಬರಿನಲ್ಲಿ, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೆಯ ಮರದಂಟಿನಲ್ಲಿ, ಸಿಕ್ಕ ಸುಮಾರು 9.9 ಕೋಟಿ ವರ್ಷ ಹಳೆಯ ಪುಟ್ಟ ಪ್ರಾಣಿಯೊಂದನ್ನು ಮೊದಲು ಊಸರವಳ್ಳಿ ಎಂದುಕೊಂಡಿದ್ದರು. ನಾಲಿಗೆಯ ಉದ್ದ ಕಡ್ಡಿ ಹಾಗಿತ್ತು. ಅದು ಊಸರವಳ್ಳಿಯಲ್ಲ, ಅಳಿದುಹೋದ ಒಂದು ಉಭಯವಾಸಿ ಗುಂಪಿಗೆ ಸೇರಿದ್ದು ಎಂದು 2020ರಲ್ಲಿ ತಿದ್ದಿದರು.