ಎಣ್ಣೆ ಜಾಸ್ತಿ ಸುರಿದರೆ ಕರೆಂಟ್ ಜಾಸ್ತಿ ಬರುತ್ತಾ?

ಪ್ರಶ್ನೆ: ಜಿಡ್ಡಿನ ಕೊಳಚೆ ನೀರಿನಿಂದ ಬ್ಯಾಕ್ಟೀರಿಯಾ ಕರೆಂಟ್ ಮಾಡುತ್ತವಂತೆ. ಹಾಗಾದರೆ ಬೋಂಡಾ ಕರಿದು ಮಿಕ್ಕ ಎಣ್ಣೆಯನ್ನೇ ಸುರಿದರೆ ಇನ್ನೂ ಜಾಸ್ತಿ ಬರಬೇಕಲ್ವಾ?

ಇಲ್ಲ. ಹೋದ ಸಲವೂ ಇಲ್ಲ ಅಂದಿದ್ದೆ, ಅದರ ಹಿಂದಿನ ಸಲವೂ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ಗೊತ್ತು. ಒಂದು ಗ್ರಾಂ ಸಕ್ಕರೆಯಲ್ಲಿ 4 ಕಿಲೊಕ್ಯಾಲೊರಿ, ಎಣ್ಣೆಯಲ್ಲಿ 9. ಕಾಗದದ ಮೇಲೆ ಎಣ್ಣೆಯೇ ಗೆಲ್ಲುತ್ತದೆ. ಆದರೆ ಬಾಣಲೆ ತೊಳೆದವರನ್ನು ಕೇಳಿ. ನೀರು ಒಂದು ಕಡೆ, ಎಣ್ಣೆ ಒಂದು ಕಡೆ. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ. ಊಟ ಕರಗಿ ಅದರ ಬಾಯಿಗೆ ಬರಬೇಕು (ಬಾಯಿ ಇಲ್ಲ, ಸುಮ್ನೆ ಮಾತಿಗೆ ಹೇಳಿದೆ).

ಕರೆಂಟ್‌ಗೆ ಹೆಸರಾದ ಜಿಯೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಅಂತೂ ಎಣ್ಣೆಯನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಇಷ್ಟ ಅಸಿಟೇಟ್, ಅಂದರೆ ವಿನೆಗರ್‌ನ ಹತ್ತಿರದ ನೆಂಟ. ಹಾಗಾಗಿ ಬೇರೆ ಬ್ಯಾಕ್ಟೀರಿಯಾಗಳು ಮೊದಲು ಎಣ್ಣೆಯನ್ನು ಗ್ಲಿಸರಾಲ್, ಕೊಬ್ಬಿನಾಮ್ಲ ಅಂತ ಒಡೆಯಬೇಕು. ಆಮೇಲೆ ಇನ್ನೊಂದು ಗುಂಪು ಆ ಉದ್ದದ ಆಮ್ಲವನ್ನು ಎರಡೆರಡು ಕಾರ್ಬನ್‌ನಂತೆ ಕತ್ತರಿಸಿ ಅಸಿಟೇಟ್ ಮಾಡಬೇಕು. ಜಿಯೋಬ್ಯಾಕ್ಟರ್‌ಗೆ ಎಲೆ ಹಾಕುವುದು ಅಷ್ಟಾದ ಮೇಲೆ. ಉಂಡು ಉಳಿದ ಎಲೆಕ್ಟ್ರಾನನ್ನು ಅದು ಎಲೆಕ್ಟ್ರೋಡಿಗೆ, ಅಂದರೆ ಕರೆಂಟನ್ನು ಹೊರಗೆ ಒಯ್ಯಲು ನಾವು ನೀರಿನಲ್ಲಿಟ್ಟ ತುಂಡಿಗೆ, ದಾಟಿಸುತ್ತದೆ. ನಮಗೆ ಉಸಿರಾಡಲು ಆಕ್ಸಿಜನ್ ಇದ್ದಂತೆ ಅದಕ್ಕೆ ಕಬ್ಬಿಣದ ತುಕ್ಕು, ತುಕ್ಕಿಲ್ಲದ ಕಡೆ ನಮ್ಮ ಎಲೆಕ್ಟ್ರೋಡ್. ನಾವು ಕರೆಂಟ್ ಅನ್ನುವುದು ಅದರ ಉಸಿರನ್ನು.

ಈಗ ಒಂದು ಲೋಟ ಎಣ್ಣೆ ಸುರಿಯಿರಿ. ಒಡೆಯುವವರ ಕೈ ಸಾಲುವುದಿಲ್ಲ. ಕೊಬ್ಬಿನಾಮ್ಲ ಗುಡ್ಡೆ ಬೀಳುತ್ತದೆ, ಜಾಸ್ತಿಯಾದರೆ ಅದೇ ಬ್ಯಾಕ್ಟೀರಿಯಾಕ್ಕೆ ವಿಷ. ಎಲೆಕ್ಟ್ರೋಡಾಗಿ ಇಟ್ಟ, ಕರಿ ಕಂಬಳಿಯಂಥ ಕಾರ್ಬನ್ ಫೆಲ್ಟ್ ಮೇಲೆ ಜಿಡ್ಡು ಕೂತು, ಬೆರಳಿಟ್ಟರೆ ಜಾರುತ್ತದೆ. ಅದಕ್ಕೇ ತೇಲುವ ಎಣ್ಣೆಯನ್ನು ಮೊದಲೇ ತೆಗೆದು, ಉಳಿದ ತೆಳು ಜಿಡ್ಡಿನ ನೀರನ್ನಷ್ಟೇ ಸೆಲ್‌ಗೆ, ಅಂದರೆ ಈ ಬ್ಯಾಕ್ಟೀರಿಯಾ, ಎಲೆಕ್ಟ್ರೋಡ್ ಇರುವ ಡಬ್ಬಿಗೆ, ಬಿಡುವುದು.

ಸರಿ, ಹತ್ತು ಸೆಲ್ ಸಾಲಾಗಿ ಜೋಡಿಸಿದರೆ? ನೀವು ಕೇಳಿಲ್ಲ, ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಕೆಲಸ ಮಾಡುವಾಗ ಒಂದೊಂದು ಸೆಲ್ ಕೊಡುವುದು ಸುಮಾರು 0.3ರಿಂದ 0.5 ವೋಲ್ಟ್. ಟಾರ್ಚ್‌ಗೆ ಹಳೇ ಸೆಲ್, ಹೊಸ ಸೆಲ್ ಬೆರೆಸಬೇಡಿ ಅಂತಾರಲ್ಲ, ಇಲ್ಲೂ ಅದೇ ಕಥೆ. ಸಾಲಿನಲ್ಲಿ ಒಂದಕ್ಕೆ ಊಟ ಕಡಿಮೆಯಾದರೂ ಅದರ ಪ್ಲಸ್ಸು ಮೈನಸ್ಸು ತಿರುಗಿ, ಉಳಿದವು ದುಡಿದದ್ದನ್ನು ಅದು ನುಂಗುತ್ತದೆ. ಅದಕ್ಕಿಂತ ಒಂದೇ ಸೆಲ್‌ನ ವೋಲ್ಟೇಜನ್ನು ಸರ್ಕ್ಯೂಟ್ ಹಾಕಿ ಏರಿಸುವುದು ಮೇಲು.

ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಇಂಥ ಸೆಲ್ ಹೂತು, ಹವಾಮಾನ ಅಳೆಯುವ ಬೋಯ್ (ನೀರಿನ ಮೇಲೆ ತೇಲುವ ಉಪಕರಣ) ಒಂದನ್ನು ನಡೆಸಿದ ವರದಿ 2008ರಲ್ಲಿ ಬಂತು. ಸಿಕ್ಕಿದ್ದು ಕೆಲವು ಹತ್ತು ಮಿಲಿವಾಟ್, ನಿಮ್ಮ ಮನೆಯ 9 ವಾಟ್ ಬಲ್ಬ್ ಮಿಣುಕುವುದೂ ಇಲ್ಲ. ಅಂದ ಹಾಗೆ, 1987ರಲ್ಲಿ ಜಿಯೋಬ್ಯಾಕ್ಟರ್ ಮೊದಲು ಸಿಕ್ಕಿದ್ದೂ ಅದೇ ನದಿಯ ಕೆಸರಿನಲ್ಲಿ.